ಮಗ್ಗ ನಿಂತಾಗ ಕೇಳಿಸಿದ್ದು

ಮಗಳಿಗೆ 16, ಫಸ್ಟ್ ಪಿಯುಸಿ. ದೀಪಾವಳಿ ಆದಮ್ಯಾಲೆ ಊಟ ಕಡಿಮಿ ಮಾಡಿದ್ಲು, ಗೆಳತ್ಯಾರ ಫೋನ್ ಎತ್ತಂಗಿಲ್ಲ, ಗ್ವಾಡಿ ಕಡೆ ಮಾರಿ ಮಾಡಿ ಮಲಗಿಬಿಡಾಕಿ, ನಾವು ದೃಷ್ಟಿ ಆಗೇತಿ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಗೆದ್ವಿ, ಹಂಗ ಎರಡು ತಿಂಗಳು ಹೋತು. ಡಾಕ್ಟರು ಡಿಪ್ರೆಶನ್ ಅಂದ್ರು. ಆ ಎರಡು ತಿಂಗಳು ನೆನಸಿಕೊಂಡ್ರ ಈಗಲೂ ಸಂಕಟ ಆಕ್ಕೈತಿ. ನಿಮ್ಮ ಮನ್ಯಾಗ ಹಿಂಗಿದ್ರ ಕಾಯಬ್ಯಾಡ್ರಿ, ಸರಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ, ಫ್ರೀ ಐತಿ.

ಗುಳಿಗಿ ಜೊತಿ ಕೌನ್ಸೆಲಿಂಗ್ ಶುರು ಆತು. ಅಲ್ಲಿ ಮೇಡಂ ಅಟೆನ್ಷನ್ ಟ್ರೇನಿಂಗ್, ಅಂದ್ರ ಲಕ್ಷ್ಯ ಬೇಕಾದ ಕಡೆ ಹೊಳ್ಳಿಸೋ ಅಭ್ಯಾಸ, ಕಲಿಸಿದ್ರು, ಇಂಗ್ಲೆಂಡಿನ ಏಡ್ರಿಯನ್ ವೆಲ್ಸ್ ಅನ್ನೋ ಸೈಕಾಲಜಿಸ್ಟ್ 1990ರಾಗ ಬರೆದಿದ್ದಂತ, ಮೊದಲು ಪ್ಯಾನಿಕ್ (ಒಮ್ಮೆಲೇ ಬರೋ ವಿಪರೀತ ಅಂಜಿಕಿ) ಇದ್ದವರಿಗೆ, ಆಮೇಲೆ ಡಿಪ್ರೆಶನ್‌ಗೂ. 12 ನಿಮಿಷದ್ದು. ಕಣ್ಣು ಒಂದ ಕಡೆ ಇಟ್ಟು, 5 ನಿಮಿಷ ಒಂದೊಂದ ಸಪ್ಪಳ ಕೇಳೋದು, 5 ನಿಮಿಷ ಒಂದರಿಂದ ಇನ್ನೊಂದಕ್ಕ ಲಗೂನ ಹೊಳ್ಳೋದು, ಕೊನೀ 2 ನಿಮಿಷ ಎಲ್ಲಾ ಕೂಡಿಸಿ. ಕೆಟ್ಟ ವಿಚಾರ ಬಂದ್ರ ಓಡಿಸಬಾರದು, ಅದೂ ಒಂದು ಸಪ್ಪಳ ಇದ್ದಂಗ ಅಂತ ಬಿಟ್ಟು, ಲಕ್ಷ್ಯ ನಾವು ಅಂದ ಕಡೆ ಒಯ್ಯಬೇಕು. ಮನಸ್ಸು ಖುಷಿ ಮಾಡೋದಲ್ಲ ಇದು, ಲಕ್ಷ್ಯ ತನ್ನ ಕೈಯಾಗ ಐತಿ ಅಂತ ಹುಡುಗಿಗೆ ಗೊತ್ತಾಗೋದು ಅಂದಿದ್ರು ಮೇಡಂ.

ನಮ್ಮದು ಕೊಪ್ಪಳದ ಪಕ್ಕ ಭಾಗ್ಯನಗರ, ಸಪ್ಪಳಕ್ಕೇನು ಬರ ಇಲ್ಲ. ಸಂಜಿ ಮಾಳಿಗಿ ಮ್ಯಾಲ ಕುಂತ್ವಿ, ಆಕಿ ನೀರಿನ ಟ್ಯಾಂಕ್ ನೋಡ್ಕೋತ, ನಾನು ಹೆಸರು ಹೇಳ್ಕೋತ. ಹಿಂದಿನ ಮನಿ ಮಗ್ಗ. ಯಾರದೋ ಕುಕ್ಕರ್. ಆಡಿನ ಮರಿ. ಮೂರ್ನೇ ನಿಮಿಷಕ್ಕ ಅಳಾಕ ಶುರು ಮಾಡಿದ್ಲು.

"ಬ್ಯಾಡ ಬೇ ಯವ್ವಾ, ತಲಿಯೊಳಗಿಂದ ಜೋರ್ ಕೇಳ್ತೈತಿ."

ಸಾಕು ಏಳವ್ವ ಅನ್ನಾಕ ಬಾಯಿ ತಗದಿದ್ದೆ. ಆದ್ರ ಮೇಡಂ ಮಾತು ನೆನಪಾತು. "ಇರಲಿ, ಅದೂ ಇರಲಿ. ಮಗ್ಗ ಯಾವ ಕಡಿಂದ ಕೇಳ್ತೈತಿ ಹೇಳು" ಅಂದೆ, ದನಿ ನಡುಗಾಕತ್ತಿತ್ತು. ಆಕಿ ಮೂಗು ಒರೆಸ್ಕೊಂಡು ಎಡಕ್ಕ ಕೈ ಮಾಡಿದ್ಲು.

ಅಷ್ಟರಾಗ ಕರೆಂಟ್ ಹೋತು. ಓಣ್ಯಾಗಿನ ಮಗ್ಗ ಎಲ್ಲಾ ಒಮ್ಮೆಲೇ ಬಂದ್ ಆದ್ವು, ನನಗ ಹೇಳಾಕ ಹೆಸರ ಉಳೀಲಿಲ್ಲ, ಸುಮ್ನ ಕುಂತೆ.

"ಗೂಡ್ಸ್ ಬರಾಕತ್ತೈತಿ" ಅಂದ್ಲು.

ನನಗ ಏನೂ ಕೇಳಿರಲಿಲ್ಲ. ಸ್ವಲ್ಪ ಹೊತ್ತಾದಮ್ಯಾಲೆ ಹಾರ್ನ್ ಕೇಳಿಸ್ತು, ಆಮೇಲೆ ಗಾಲಿ. ಆಕಿ ಅಳು ಇನ್ನೂ ಪೂರ್ತಿ ನಿಂತಿರಲಿಲ್ಲ, ಆದ್ರೂ ಕಿವಿ ಅತ್ತಲಾಗ ಇಟ್ಟು ಕೊನೀ ಡಬ್ಬಿ ದಾಟೋತನಕ ಕೇಳಿದ್ಲು.