ಒಡೆಸಾದ ಶನಿಮಹಾತ್ಮ

2015ರ ಅಕ್ಟೋಬರ್ 25, ಭಾನುವಾರ. ಉಕ್ರೇನಿನ ಒಡೆಸಾದಲ್ಲಿ ನಗರಸಭೆ ಚುನಾವಣೆ. ಮೆಡಿಕಲ್ ಓದಲು ಹೋಗಿದ್ದ ನಮಗೆ ವೋಟೂ ಇಲ್ಲ, ಕ್ಲಾಸೂ ಇಲ್ಲ. ರೂಮ್‌ಮೇಟ್ ಜೊತೆ ಮಿನಿ ಬಸ್ ಹತ್ತಿ ಒಂದು ಹಳೇ ಕಾರ್ಖಾನೆಯ ಅಂಗಳಕ್ಕೆ ಹೋದೆ. ಅಲ್ಲಿದ್ದ ಲೆನಿನ್ ಪ್ರತಿಮೆ ಎರಡು ದಿನದ ಹಿಂದಷ್ಟೇ 'ಸ್ಟಾರ್ ವಾರ್ಸ್' ಸಿನಿಮಾದ ಡಾರ್ತ್ ವೇಡರ್ ಆಗಿತ್ತು!

ಸೋವಿಯತ್ ಕಾಲದ ಗುರುತುಗಳನ್ನು ತೆಗೆಯಬೇಕು ಅಂತ ಆ ವರ್ಷ ಉಕ್ರೇನಿನಲ್ಲಿ ಕಾನೂನು ಬಂದಿತ್ತು. ಶಿಲ್ಪಿ ಒಲೆಕ್ಸಾಂಡರ್ ಮಿಲೋವ್ ಲೆನಿನ್‌ನನ್ನು ಕೆಡವಲಿಲ್ಲ, ಮೇಲೊಂದು ವೇಷ ತೊಡಿಸಿದರು. ಕೋಟು ಹೋಗಿ ನಿಲುವಂಗಿ ಆಗಿತ್ತು. ತಲೆಗೆ ಕಪ್ಪು ಶಿರಸ್ತ್ರಾಣ, ಅದರೊಳಗೆ ವೈಫೈ ರೂಟರ್. ಸುಮ್ನೆ ನೋಡೋಣ ಅಂತ ಅದೇ ವೈಫೈನಲ್ಲಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

"ಇದ್ಯಾವ ದೇವರೋ? ನಮ್ಮ ಶನಿಮಹಾತ್ಮನ ಥರ ಇದ್ದಾನಲ್ಲ. ಎಣ್ಣೆ ಹಾಕ್ತಾರಾ?"

ಸಿನಿಮಾದ ವಿಲನ್ ಕಣಮ್ಮಾ, ಇಲ್ಲಿ ಚುನಾವಣೆಗೂ ನಿಲ್ತಾನೆ ಅಂದರೆ ನಂಬಲೇ ಇಲ್ಲ.

ನಂಬೋದು ಕಷ್ಟವೇ ಬಿಡಿ. ಅಲ್ಲಿ ಇಂಟರ್ನೆಟ್ ಪಾರ್ಟಿ ಅಂತ ಒಂದು ಪುಟ್ಟ ಪಕ್ಷ. ನಾಯಕ ದ್ಮಿತ್ರೊ ಹೊಲುಬೊವ್, 2005ರಲ್ಲಿ ಕ್ರೆಡಿಟ್ ಕಾರ್ಡ್ ವಂಚನೆ ಆರೋಪದ ಮೇಲೆ ಬಂಧನವಾಗಿ ಹೊರಬಂದವರು. 2014ರಲ್ಲಿ ಈ ಪಕ್ಷ ವೇಡರ್ ವೇಷಧಾರಿಯೊಬ್ಬನನ್ನು ರಾಷ್ಟ್ರಪತಿ ಚುನಾವಣೆಗೇ ನಿಲ್ಲಿಸಲು ಹೊರಟಿತು, ಆಯೋಗ ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರ್‌ನ ಸಂಸತ್ ಚುನಾವಣೆಯಲ್ಲಿ ಈ ವೇಡರ್ ಮುಖವಾಡ ತೆಗೆಯಲಿಲ್ಲ ಅಂತ ವೋಟು ಹಾಕಲೂ ಬಿಡಲಿಲ್ಲ. ಪಕ್ಷಕ್ಕೆ ಸಿಕ್ಕಿದ್ದು ಶೇ. 0.36 ಮತ. ಹೊಲುಬೊವ್ ಮಾತ್ರ ಗೆದ್ದರು, ಅದೂ ಆಗಿನ ರಾಷ್ಟ್ರಪತಿ ಪೊರೊಶೆಂಕೊ ಬಣದಿಂದ. ಜಾಣ, ಅಲ್ವಾ?

ಸಂಜೆ ಮನೆ ಓನರ್ ಅಜ್ಜಿಯ ಅಡುಗೆಮನೆಯಲ್ಲಿ ಟೀ ಕುಡಿಯುತ್ತಾ ಇದನ್ನೇ ಹೇಳಿ ನಗುತ್ತಿದ್ದೆ. ವೇಡರ್ ಜೊತೆಗಿದ್ದ, ಅದೇ ಸಿನಿಮಾದ ಚ್ಯೂಬಾಕಾನನ್ನು ಗುರುತಿನ ಚೀಟಿ ಇಲ್ಲ ಅಂತ ಪೊಲೀಸರು ಆವತ್ತು ಹಿಡಿದುಕೊಂಡು ಹೋಗಿದ್ದರು. ಮೈತುಂಬ ಕೂದಲಿನ ವೇಷಧಾರಿಗೆ ಬೇಡಿ! (ಆಮೇಲೆ 170 ಹ್ರಿವ್ನಿಯಾ ದಂಡ ಬಿತ್ತು.)

ಅಜ್ಜಿ ನಗಲಿಲ್ಲ. "ಹೋದ ವರ್ಷ ನಾನು ಅವರಿಗೇ ಹಾಕಿದ್ದು," ಅಂದರು.

"ವೇಡರ್‌ಗಾ?"

"ಕಂಪ್ಯೂಟರ್‌ಗೆ. ಎಲ್ಲ ಕಚೇರಿ ಕೆಲಸ ಕಂಪ್ಯೂಟರೇ ಮಾಡುತ್ತೆ ಅಂದಿದ್ದರು. ಪಿಂಚಣಿ ಕಾಗದಕ್ಕೆ ನಾನು ಎಷ್ಟು ಚಾಕಲೇಟ್ ಡಬ್ಬಿ ಕೊಟ್ಟಿದ್ದೀನಿ ಗೊತ್ತಾ ಮಗಾ? ಕಂಪ್ಯೂಟರ್ ಚಾಕಲೇಟ್ ತಿನ್ನಲ್ಲ."

ನಾನು ಸುಮ್ಮನಾದೆ. ನನ್ನ ವಾಸದ ಪರ್ಮಿಟ್ ಮೂರು ವಾರದಿಂದ ಒಂದು ಕಚೇರಿಯಲ್ಲಿ ಕೊಳೆಯುತ್ತಿತ್ತು.

ಮರುದಿನ ಬೆಳಿಗ್ಗೆ ಅಜ್ಜಿ ನನ್ನ ಬ್ಯಾಗಿಗೆ ಏನೋ ತುರುಕಿದರು. ಎರಡು ಗಂಟೆ ಕ್ಯೂ ನಿಂತು ಕಿಟಕಿ ಮುಂದೆ ಹೋದೆ. ಮೇಡಂ ಡಬ್ಬಿ ತೆಗೆದುಕೊಂಡು ಡ್ರಾಯರ್ ಎಳೆದರು. ಒಳಗೆ ಅದೇ ಥರದ ಐದಾರು ಡಬ್ಬಿ ಇದ್ದವು. ಜಾಗ ಮಾಡಿ, ನನ್ನದನ್ನೂ ಮೇಲಿಟ್ಟು, ಮೊಣಕೈಯಲ್ಲಿ ಒತ್ತಿ ಮುಚ್ಚಿದರು.

"ಬುಧವಾರ ಬಾ."