ಒನ್ಫಿಮ್‌ನ ಕಾಗುಣಿತ

ಮೊದಲೇ ಹೇಳಿಬಿಡುತ್ತೇನೆ, ರಷ್ಯಾದಲ್ಲಿ ನೊವ್ಗೊರೊಡ್ ಎರಡಿವೆ. ನಾನು ಹೊರಟಿದ್ದು ಸೇಂಟ್ ಪೀಟರ್ಸ್‌ಬರ್ಗ್‌ಗೆ ದಕ್ಷಿಣದ ವೆಲಿಕಿ ನೊವ್ಗೊರೊಡ್‌ಗೆ. ರೂಮು ಬುಕ್ ಮಾಡಿದ್ದು ಮಾಸ್ಕೋದಿಂದ ಪೂರ್ವಕ್ಕೆ ಸುಮಾರು 400 ಕಿ.ಮೀ. ದೂರದ ನಿಜ್ನಿ ನೊವ್ಗೊರೊಡ್‌ನಲ್ಲಿ! ದುಡ್ಡು ವಾಪಸ್ ಬರಲಿಲ್ಲ. ಊರಿನ ಹೆಸರು ಪೂರ್ತಿ ಓದಿ ಆಮೇಲೆ ದುಡ್ಡು ಕಟ್ಟಿ.

ವೋಲ್ಖೊವ್ ಹೊಳೆ ಚಂದ, ದಂಡೆಯ ಕೋಟೆ ಚಂದ. 11ನೇ ಶತಮಾನದ ಸೋಫಿಯಾ ಚರ್ಚಿಗೆ ನನಗೆ ಅರ್ಧ ಗಂಟೆ ಸಾಕಾಯಿತು. ಕೋಟೆಯೊಳಗಿನ ಮ್ಯೂಸಿಯಮ್ಮಿನಿಂದ ಮಾತ್ರ ಬಾಗಿಲು ಹಾಕುವ ಹೊತ್ತಿಗೆ ಎಬ್ಬಿಸಿ ಕಳಿಸಬೇಕಾಯಿತು.

ಇಲ್ಲಿನ ಮಣ್ಣು ಸದಾ ಒದ್ದೆ. ಒಳಗೆ ಗಾಳಿಯಾಡದೆ ಮರ, ಚರ್ಮ ಯಾವುದೂ ಕೊಳೆತಿಲ್ಲ. ಕೆಸರೆಂದು ಬೀದಿಗೆ ದಿಮ್ಮಿ ಹಾಸುತ್ತಿದ್ದರು, ಅದು ಹೂತರೆ ಅದರ ಮೇಲೆ ಇನ್ನೊಂದು ಹಾಸು. ಒಂದೇ ಬೀದಿಯಲ್ಲಿ ಹೀಗೆ 28 ಹಾಸು, 953ರಿಂದ 1462ರವರೆಗೆ. ವರ್ಷ ಹೇಳಿದ್ದು ದಿಮ್ಮಿಗಳ ಉಂಗುರಗಳೇ. 1951ರ ಜುಲೈ 26ರಂದು ಅಗೆಯುತ್ತಿದ್ದ ನೀನಾ ಅಕುಲೋವಾ ಅವರಿಗೆ ಸುರುಳಿ ಸುತ್ತಿದ ಬರ್ಚ್ ತೊಗಟೆ ಸಿಕ್ಕಿತು, ಅದರ ಮೇಲೆ ಅಕ್ಷರ. ಈಗ ಅಂಥ ಓಲೆಗಳು ಸಾವಿರ ದಾಟಿವೆ: ಸಾಲದ ಲೆಕ್ಕ, ಜಗಳ, ಮದುವೆ ಮಾತು. ಮಸಿಯಿಲ್ಲ, ಕಂಟದಿಂದ ಗೀರಿದ್ದು, ನಮ್ಮ ತಾಳೆಗರಿಯಂತೆ.

ಕಾವಲಿಗೆ ಕೂತಿದ್ದ ಅಜ್ಜಿ ನನ್ನನ್ನು ಕರೆದು ಒಂದು ಚಿತ್ರ ತೋರಿಸಿದರು. 13ನೇ ಶತಮಾನದ ಪೋರ ಒನ್ಫಿಮ್‌ನ ಕೈಚಳಕ. ಆರೇಳು ವರ್ಷವಿದ್ದಿರಬೇಕು. ಹರಿದ ತೊಗಟೆ ಬುಟ್ಟಿಯ ತಳದಲ್ಲಿ ಅಕ್ಷರಮಾಲೆ ಬರೆದು, ಮುಂದೆ ಬ ವ ಗ ದ, ಬೆ ವೆ ಗೆ ದೆ ಎಂದು ತಿದ್ದಿದ್ದಾನೆ. ನಾವು ‘ಕ’ ಹಿಡಿದು ಸ್ವರ ಬದಲಿಸುತ್ತೇವೆ, ಇವನು ಸ್ವರ ಹಿಡಿದು ವ್ಯಂಜನ ಬದಲಿಸಿದ್ದಾನೆ. ಅಷ್ಟೇ ವ್ಯತ್ಯಾಸ! ಬೇಸರ ಬಂದಿರಬೇಕು, ತಿರುಗಿಸಿ ಉದ್ದ ಕತ್ತಿನ, ಸುರುಳಿ ಬಾಲದ ಪ್ರಾಣಿಯೊಂದನ್ನು ಬಿಡಿಸಿ ‘ನಾನು ಮೃಗ’ ಎಂದು ಬರೆದಿದ್ದಾನೆ. ಜೊತೆಗೆ ‘ಒನ್ಫಿಮ್‌ನಿಂದ ದನಿಲೋಗೆ ನಮಸ್ಕಾರ’. ದನಿಲೋ ಪಕ್ಕದಲ್ಲಿ ಕೂತ ಗೆಳೆಯನೇ ಇರಬೇಕು ಅನ್ನಿಸಿತು.

ಇನ್ನೊಂದು ಚಿತ್ರದ ಮನುಷ್ಯರ ಕೈಗಳನ್ನು ಅಜ್ಜಿ ಎಣಿಸಿ ತೋರಿಸಿದರು. ಮೂರು ಬೆರಳು. ಕುಂಟೆಯಂತಿತ್ತು. ‘ಲೆಕ್ಕ ಇನ್ನೂ ಕಲಿತಿರಲಿಲ್ಲವೇನೋ’ ಎಂದು ಫೋನಿನ ಅನುವಾದದಲ್ಲಿ ಕೇಳಿದೆ. ಅಜ್ಜಿ ನಗಲಿಲ್ಲ. ‘ನಿಮ್ಮ ಮಕ್ಕಳು ಹೇಗೆ ಕಲಿಯುತ್ತಾರೆ?’ ಎಂದು ತಮ್ಮ ನೋಟ್‌ಬುಕ್ಕು ಚಾಚಿದರು. ಕ ಕಾ ಕಿ ಕೀ ಬರೆದುಕೊಟ್ಟೆ. ಕನ್ನಡಕ ಏರಿಸಿ, ‘ಕ’ದ ಮೇಲೆ ಬೆರಳಾಡಿಸಿ ನಿಧಾನವಾಗಿ ತಿದ್ದಿದರು. ಆಮೇಲೆ ಅದರ ಕೆಳಗೆ ಒಂದು ಸುರುಳಿ ಬಾಲ ಎಳೆದರು.