ಭಾನುವಾರ ಒಂಬತ್ತಕ್ಕೆ, ಕಂಬದ ಹತ್ತಿರ

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಇಲ್ಲಿ ಬ್ರಿಟನ್ನಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅವನು ಮೊದಲ ಸಲ ಬಾರದೇ ಇದ್ದದ್ದು ಅದೇ ಭಾನುವಾರ. ನಾವು ನಾಲ್ಕು ಜನ ಗಡಿಯಾರದ ಮೇಲೆ ತಪ್ಪು ಹಾಕಿ ನಡೆಯೋಕೆ ಹೊರಟುಬಿಟ್ಟೆವು.

ಎಡಿನ್‌ಬರಾದಲ್ಲಿ ಮೆಡೋಸ್ ಅಂತ ದೊಡ್ಡ ಹುಲ್ಲು ಮೈದಾನ ಇದೆ. ಅದರ ಪಶ್ಚಿಮ ತುದಿಯಲ್ಲಿ, ಮೆಲ್ವಿಲ್ ಡ್ರೈವ್ ರಸ್ತೆಯ ಬಾಯಲ್ಲಿ, ಎತ್ತರದ ಎರಡು ಕಲ್ಲುಕಂಬಗಳಿವೆ. 1886ರಲ್ಲಿ ಇದೇ ಮೈದಾನದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ನೆನಪಿಗೆ ಕಲ್ಲುಕೆಲಸದವರು ನಿಲ್ಲಿಸಿದ ಕಂಬಗಳು. ನಾವು ಐದು ಜನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಸೇರುತ್ತೇವೆ. ಮೈದಾನ ಸುತ್ತಿ, ಮನಸ್ಸಿದ್ದರೆ ಹೋಲಿರೂಡ್ ಪಾರ್ಕ್ ತನಕ ನಡೆದು, ಕನ್ನಡದಲ್ಲಿ ಬಾಯಿತುಂಬಾ ಮಾತಾಡಿ ವಾಪಸ್ ಬರುತ್ತೇವೆ. ಇಷ್ಟೇ ನಮ್ಮ ಗುಂಪು. ಸಂಘ ಅಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ.

ನಮ್ಮಲ್ಲಿ ಹಿರಿಯರು ಮೇಷ್ಟ್ರು. ಊರಲ್ಲಿದ್ದಾಗ ಪಾಠ ಮಾಡಿದವರು, ಈಗ ಮಗಳ ಜೊತೆ ಇಲ್ಲಿದ್ದಾರೆ. ಅಕ್ಕ ನರ್ಸ್. ಓದೋಕೆ ಬಂದ ಒಬ್ಬ ಹುಡುಗ ಇದ್ದಾನೆ, ಎಲ್ಲರಿಗೂ ತಮ್ಮನ ಹಾಗೆ. ಆಮೇಲೆ ನಾನು ಮತ್ತು ಅವನು. ಅವನ ಹೆಸರು ಬರೆಯುವುದಿಲ್ಲ. ಅವನು ಅದನ್ನು ಇಷ್ಟಪಡಲ್ಲ ಅಂತ ಈಗ ನನಗೆ ಗೊತ್ತು.

ಆ ಮೊದಲ ಭಾನುವಾರ ಹುಡುಗನಿಗೆ ಮಾತ್ರ ಅನುಮಾನ ಬಂತು. "ಗಡಿಯಾರ ಹಿಂದಕ್ಕೆ ಹೋಗಿದೆ ಅಲ್ವಾ? ಅದನ್ನ ಮರೆತವರು ಒಂದು ಗಂಟೆ ಮುಂಚೆ ಬರ್ತಾರೆ. ಬರದೇ ಇರಲ್ಲ" ಅಂದ. ಹಾಗಾದರೆ ಎಂಟಕ್ಕೇ ಬಂದು, ಯಾರೂ ಕಾಣದೆ ಚಳಿಯಲ್ಲಿ ನಿಂತು ವಾಪಸ್ ಹೋಗಿರಬೇಕು ಅಂದುಕೊಂಡೆವು. ವಾಟ್ಸಾಪ್‌ನಲ್ಲಿ ಎಲ್ಲರೂ ಒಂದೊಂದು ಮೆಸೇಜ್ ಹಾಕಿದೆವು. ನಾಲ್ಕಕ್ಕೂ ಒಂದೇ ಟಿಕ್. ರಾತ್ರಿಯಾದರೂ ಒಂದೇ ಟಿಕ್.

ವಾರವಿಡೀ ಅದು ಹಾಗೇ ಇತ್ತು. ಎರಡನೇ ಭಾನುವಾರವೂ ಅವನು ಬರಲಿಲ್ಲ. ಆಗ ನಮ್ಮ ಮಾತಿನ ಧಾಟಿಯೇ ಬದಲಾಯಿತು. ಅಲ್ಲಿಯವರೆಗೆ ಅವನಿಗೆ ಏನಾಗಿರಬಹುದು ಅಂತ ಯೋಚಿಸುತ್ತಿದ್ದವರು, ನಾನು ಏನು ಮಾಡಿದೆ ಅಂತ ಯೋಚಿಸತೊಡಗಿದೆವು. ಕೆಲಸ ಬದಲಾಯಿಸಬೇಡ ಅಂತ ಜಾಸ್ತಿ ಬುದ್ಧಿ ಹೇಳಿಬಿಟ್ಟೆ, ಬೇಜಾರಾಗಿರಬೇಕು ಅಂತ ಮೇಷ್ಟ್ರು. ತಿಂಗಳ ಹಿಂದೆ ಅವನಿಗೆ ಜ್ವರ ಬಂದಿತ್ತು, ನೈಟ್ ಡ್ಯೂಟಿ ಅಂತ ಹೋಗಿ ನೋಡಲಿಲ್ಲ ಅಂತ ಅಕ್ಕ. ಹುಡುಗ ಅವನ ಹತ್ತಿರ ಸಾಲ ಮಾಡಿದ್ದನಂತೆ, ಇನ್ನೂ ಕೊಟ್ಟಿಲ್ಲ. ನಮಗದು ಆವತ್ತೇ ಗೊತ್ತಾದದ್ದು.

ನಾನು ಕೊನೆಗೆ ಬಾಯಿ ಬಿಟ್ಟೆ. ಅವನು ಕಾಣೆಯಾಗುವ ಮುಂಚಿನ ಮಂಗಳವಾರ ಸಂಜೆ ನನಗೆ ಅವನ ಮಿಸ್ಡ್ ಕಾಲ್ ಇತ್ತು. ಭಾನುವಾರ ಹೇಗೂ ಸಿಗ್ತೀವಲ್ಲ ಅಂತ ವಾಪಸ್ ಮಾಡಲಿಲ್ಲ. ಇದನ್ನು ಹೇಳೋಕೆ ನನಗೆ ಹನ್ನೆರಡು ದಿನ ಬೇಕಾಯಿತು. ಅಕ್ಕ ಒಂದೂ ಮಾತಾಡದೆ ನನ್ನ ಕೈ ಹಿಡಿದುಕೊಂಡರು.

ಹುಡುಗನಿಗೆ ಇನ್ನೊಂದು ಭಯವೂ ಇತ್ತು. ಕಂಪನಿಯ ಪ್ರಾಯೋಜಕತ್ವದ ವೀಸಾ ಇರುವವರಿಗೆ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಅಷ್ಟರಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಕಾಣೆಯಾದವನದೂ ಅಂಥದೇ ವೀಸಾ. ಕೆಲಸ ಹೋಗಿದ್ದು ಯಾರಿಗೂ ಹೇಳದೆ ಒಳಗೇ ಕೊರಗುತ್ತಿದ್ದರೆ? ಹೊರಗೆ ಬಂದವರು ಕೆಲಸ ಹೋದದ್ದನ್ನು ರೋಗದ ಹಾಗೆ ಮುಚ್ಚಿಡುತ್ತಾರೆ. ಮನೆಗೆ ಫೋನ್ ಮಾಡಿ "ಎಲ್ಲಾ ಚೆನ್ನಾಗಿದೆ" ಅನ್ನುತ್ತಾರೆ. ನಾನೂ ಒಂದು ಸಲ ಹಾಗೆ ಹೇಳಿದ್ದೇನೆ.

ಆವತ್ತು ನಡೆಯೋದು ಬಿಟ್ಟು ನೇರ ಗಾರ್ಗಿ ಅನ್ನೋ ಬಡಾವಣೆಗೆ ಹೋದೆವು. ಅವನ ಮನೆ ಆ ಕಡೆ ಅಂತ ಗೊತ್ತಿತ್ತು, ವಿಳಾಸ ಗೊತ್ತಿರಲಿಲ್ಲ. ಹುಡುಗ ಗುಂಪಿನ ಹಳೆಯ ಮೆಸೇಜ್‌ಗಳನ್ನೆಲ್ಲ ಹುಡುಕಿ, ಅವನು ಯಾವತ್ತೋ ಕಳಿಸಿದ್ದ ಪಾರ್ಸೆಲ್ ಒಂದರ ಫೋಟೋ ತೆಗೆದ. ಅದರ ಮೂಲೆಯಲ್ಲಿ 2ಎಫ್1 ಅಂತಿತ್ತು. ಇಲ್ಲಿನ ಹಳೆಯ ಕಲ್ಲಿನ ಕಟ್ಟಡಗಳಲ್ಲಿ ಎಲ್ಲ ಮನೆಗಳಿಗೂ ಒಂದೇ ಮೆಟ್ಟಿಲು, ಕೆಳಗೆ ಒಂದೇ ಬಾಗಿಲು. 2ಎಫ್1 ಅಂದರೆ ಎರಡನೇ ಮಹಡಿಯ ಮೊದಲ ಮನೆ. ಬೆಲ್ ಒತ್ತಿದೆವು. ಉತ್ತರವಿಲ್ಲ. ಕೆಳಗಿನ ಮನೆಯ ವಯಸ್ಸಾದ ಹೆಂಗಸು ಬಾಗಿಲು ತೆಗೆದರು. "ಮೆಟ್ಟಿಲ ಕೆಳಗೆ ಅವನ ಸೈಕಲ್ ಇರ್ತಿತ್ತು. ಈಗಿಲ್ಲ" ಅಂದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ನಮಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಮೆಟ್ಟಿಲ ಮೇಲೆ ನಿಂತೇ ಜಗಳ ಶುರುವಾಯಿತು. ಮೇಷ್ಟ್ರಿಗೆ ಪೊಲೀಸ್ ಅಂದರೆ ಇಷ್ಟವಿಲ್ಲ. "ನಾವು ದೂರು ಕೊಟ್ಟು ಅವನ ವೀಸಾಕ್ಕೇ ತೊಂದರೆ ಆದರೆ? ಮೊದಲು ತಾಯಿಗೆ ಹೇಳೋಣ. ನಂಬರ್ ಇಲ್ಲದಿದ್ದರೆ ಏನಾಯ್ತು? ನಾನು ಎರಡು ಗಂಟೆಯಲ್ಲಿ ಪತ್ತೆ ಮಾಡ್ತೀನಿ." ಅಕ್ಕ ಯಾವತ್ತೂ ದನಿ ಎತ್ತುವವರಲ್ಲ. ಆವತ್ತು ಎತ್ತಿದರು. "ಏನಂತ ಹೇಳ್ತೀರಿ ಮೇಷ್ಟ್ರೇ? ಮಗ ಕಾಣ್ತಿಲ್ಲ ಅಂತಾನಾ? ಆ ತಾಯಿ ಅಷ್ಟು ದೂರ ಕೂತು ಏನು ಮಾಡಬೇಕು? ರಾತ್ರಿಯೆಲ್ಲ ಫೋನ್ ನೋಡ್ಕೊಂಡು ಕೂರಬೇಕಾ?"

ಯಾರು ಸರಿ ಅಂತ ನನಗೆ ಇವತ್ತಿಗೂ ತೀರ್ಮಾನಿಸೋಕೆ ಆಗಿಲ್ಲ. ತಾಯಿಗೆ ತಿಳಿಯುವ ಹಕ್ಕಿದೆ ಅಂತಲೂ ಅನಿಸುತ್ತದೆ. ನಮ್ಮ ಹೆದರಿಕೆಯನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ ಅಂತಲೂ ಅನಿಸುತ್ತದೆ.

ಅಕ್ಕ ಒಂದು ಆಸ್ಪತ್ರೆಗೆ ಫೋನ್ ಮಾಡಿದರು. ಆ ಹೆಸರಿನ ರೋಗಿ ಇದ್ದಾರೋ ಇಲ್ಲವೋ ಅನ್ನೋದನ್ನೂ ಅವರು ಹೇಳಲಿಲ್ಲ. ಹುಡುಗನಿಗೆ ಸಿಟ್ಟು ಬಂತು. ಅಕ್ಕನಿಗೆ ಬರಲಿಲ್ಲ. "ಆ ಕಡೆ ನಾನೇ ಇದ್ದಿದ್ರೂ ಹೇಳ್ತಿರಲಿಲ್ಲ. ಕೇಳ್ತಿರೋದು ಯಾರು ಅಂತ ಫೋನಲ್ಲಿ ಹೇಗೆ ಗೊತ್ತಾಗಬೇಕು? ಹೊಡೆದವನೇ ಕೇಳ್ತಿರಬಹುದು" ಅಂದರು. ಈ ಮಾತು ಆಮೇಲೆ ನನಗೆ ಬೇಕಾಯಿತು.

ಸಂಜೆ ನಮ್ಮ ಮನೆಯಿಂದ 101ಕ್ಕೆ ಕರೆ ಮಾಡಿದೆವು. ತುರ್ತಿಲ್ಲದ ವಿಷಯಕ್ಕೆ ಇಲ್ಲಿ ಪೊಲೀಸರ ನಂಬರ್ ಅದು. ಜೀವಕ್ಕೆ ಅಪಾಯ ಇದ್ದರೆ 999. ಕಾಣೆಯಾಗಿ 24 ಗಂಟೆ ಆಗದಿದ್ದರೆ ದೂರು ತೆಗೆದುಕೊಳ್ಳಲ್ಲ ಅಂತ ನಾವೆಲ್ಲ ನಂಬಿದ್ದೆವು. ಅಂಥ ನಿಯಮವೇ ಇಲ್ಲ. ಮೊದಲ ಭಾನುವಾರವೇ ಕರೆ ಮಾಡಬಹುದಿತ್ತು.

ರಾತ್ರಿ ಇಬ್ಬರು ಪೊಲೀಸರು ಮನೆಗೆ ಬಂದು ಕೂತು ಕೇಳತೊಡಗಿದರು. ಪೂರ್ತಿ ಹೆಸರೇನು? ನಮಗೆ ಗೊತ್ತಿದ್ದದ್ದು ಕರೆಯುವ ಹೆಸರು ಮತ್ತು ಒಂದು ಇನಿಷಿಯಲ್. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರು ಇರುವುದಿಲ್ಲ ಅಲ್ವಾ? ಆ ಒಂದಕ್ಷರ ಅಪ್ಪನ ಹೆಸರಿನದೋ ಊರಿನದೋ ಆಗಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆದು, ಇಲ್ಲಿಗೆ ಬಂದ ಮೇಲೆ ಅದೇ ಸರ್‌ನೇಮ್ ಆಗಿಬಿಡುತ್ತದೆ. ಬ್ಯಾಂಕಿನಲ್ಲಿ, ಆಫೀಸಿನಲ್ಲಿ, ವೀಸಾದಲ್ಲಿ ಅವನು ಯಾವ ಹೆಸರಿನಲ್ಲಿದ್ದಾನೆ ಅಂತ ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹುಟ್ಟಿದ ದಿನ ಗೊತ್ತು, ವರ್ಷ ಗೊತ್ತಿಲ್ಲ. ಔಷಧಿ ಏನಾದರೂ ತಗೋತಾನಾ? ಗೊತ್ತಿಲ್ಲ. ಕೆಲಸ ಎಲ್ಲಿ? ಕಂಪ್ಯೂಟರ್ ಕೆಲಸ ಅಂದೆವು. ಈಚಿನ ಫೋಟೋ? ಇದ್ದ ಫೋಟೋಗಳೆಲ್ಲ ಭಾನುವಾರದವು. ಎಲ್ಲದರಲ್ಲೂ ಉಣ್ಣೆ ಟೋಪಿ, ಮೂಗಿನ ತನಕ ಮಫ್ಲರ್. ಕಣ್ಣು ಮಾತ್ರ ಕಾಣುತ್ತದೆ.

ಅವನು ನಗುವಾಗ ತಲೆ ಹೇಗೆ ಹಿಂದಕ್ಕೆ ಹಾಕುತ್ತಾನೆ, ಯಾವ ಮಾತಿಗೆ ಕಣ್ಣು ತುಂಬುತ್ತದೆ, ಎಷ್ಟು ನಿಧಾನ ನಡೆಯುತ್ತಾನೆ, ಎಲ್ಲ ಗೊತ್ತಿತ್ತು. ಆ ಕಾಗದದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಆದರೂ ಅಕ್ಕ ಹೇಳಿದರು, ಆ ಪೊಲೀಸ್ ಹೆಂಗಸು ಬರೆದುಕೊಂಡರು. ನನ್ನ ಮಿಸ್ಡ್ ಕಾಲ್‌ನ ಸಮಯವನ್ನೂ ಬರೆದುಕೊಂಡರು. ತಾಯಿಯ ವಿಷಯ ಕೇಳಿದಾಗ ಮೇಷ್ಟ್ರು ಅಕ್ಕನ ಮುಖ ನೋಡಿ, "ನೀವು ಹುಡುಕಿ, ಆಮೇಲೆ ನೋಡೋಣ" ಅಂದರು.

ಬುಧವಾರ ಮಧ್ಯಾಹ್ನ ಪೊಲೀಸರೇ ಫೋನ್ ಮಾಡಿದರು. ಅವನು ಸಿಕ್ಕಿದ್ದಾನೆ. ಸುರಕ್ಷಿತವಾಗಿದ್ದಾನೆ. ಎಲ್ಲಿದ್ದಾನೆ ಅಂತ ನಮಗೆ ತಿಳಿಸುವುದು ಅವನಿಗೆ ಇಷ್ಟವಿಲ್ಲ. "ಆರೋಗ್ಯವಾಗಿದ್ದಾನಾ?" ಅಂದೆ. "ಸುರಕ್ಷಿತವಾಗಿದ್ದಾನೆ" ಅಂದರು. "ಎಡಿನ್‌ಬರಾದಲ್ಲೇ ಇದ್ದಾನಾ?" ಅಂದೆ. ಹೇಳೋಕಾಗಲ್ಲ ಅಂದರು. ವಯಸ್ಸಿಗೆ ಬಂದವರು ತಾವಾಗಿಯೇ ದೂರ ಹೋದರೆ, ಅವರ ಒಪ್ಪಿಗೆಯಿಲ್ಲದೆ ಪೊಲೀಸರು ಅವರ ಜಾಗವನ್ನು ಯಾರಿಗೂ ಹೇಳುವುದಿಲ್ಲ. ಸ್ನೇಹಿತರಿಗೂ ಇಲ್ಲ, ಹೆತ್ತವರಿಗೂ ಇಲ್ಲ.

ಗುಂಪಿಗೆ ಕರೆ ಮಾಡಿ ಹೇಳಿದಾಗ ಹುಡುಗ ಮೊದಲು ಅತ್ತ. ಆಮೇಲೆ, "ಅಂದ್ರೆ ನಾವೇನು ಕಳ್ಳರಾ?" ಅಂತ ಕೂಗಾಡಿದ. ಮೇಷ್ಟ್ರು ಫೋನ್ ಇಟ್ಟುಬಿಟ್ಟರು. ಅವರಿಗೆ ಆದ ನೋವು ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಸತ್ತ ಸುದ್ದಿಗೂ ಕಾರಣ ಹೇಳುತ್ತಾರೆ. ಇಲ್ಲಿ ಬದುಕಿದ್ದಾನೆ ಅಂತ ಹೇಳಿ ಕಾರಣ ಹೇಳಲಿಲ್ಲ.

ನನಗೂ ಎರಡು ದಿನ ತುಂಬಾ ಕೋಪ ಇತ್ತು. ಇಷ್ಟು ಒದ್ದಾಡಿದವರಿಗೆ ಒಂದು ಸಾಲು ಹೇಳಬಾರದಾ ಅನಿಸಿತು. ಆಮೇಲೆ ಅಕ್ಕನ ಮಾತು ನೆನಪಾಯಿತು. ಗಂಡನ ಹೊಡೆತಕ್ಕೆ ಹೆದರಿ ಓಡಿಹೋದ ಹೆಂಗಸನ್ನು ಕಾಯುವುದೂ ಇದೇ ನಿಯಮ. ಹುಡುಕಿಕೊಂಡು ಬಂದವರು ಪ್ರೀತಿಯಿಂದ ಬಂದರೋ ಬೇರೆ ಕಾರಣಕ್ಕೆ ಬಂದರೋ ಅಂತ ಆ ಪೊಲೀಸ್ ಹೆಂಗಸು ನಮ್ಮ ಮುಖ ನೋಡಿ ಹೇಗೆ ಹೇಳಬೇಕು? ನಿಯಮ ಸರಿ ಇದೆ. ನೋವೂ ನಿಜ.

ಸ್ಕಾಟ್ಲೆಂಡ್ ಸರ್ಕಾರ 2017ರಲ್ಲಿ ಕಾಣೆಯಾದವರ ವಿಷಯಕ್ಕೇ ಒಂದು ರಾಷ್ಟ್ರೀಯ ಮಾರ್ಗಸೂಚಿ ತಂದಿದೆ. ಸಿಕ್ಕಿದ ಮೇಲೆ ಅವರ ಜೊತೆ ಕೂತು ಮಾತಾಡುವ ಅವಕಾಶ ಇರಬೇಕು ಅಂತ ಅದರಲ್ಲಿದೆ. ಯಾಕೆ ಹೋದಿರಿ, ಏನು ಸಹಾಯ ಬೇಕು ಅಂತ ಕೇಳೋಕೆ. ಇದನ್ನು ಮೇಷ್ಟ್ರಿಗೆ ಓದಿ ಹೇಳಿದೆ. "ಹಾಗಾದ್ರೆ ಯಾರಾದ್ರೂ ಒಬ್ಬರು ಅವನನ್ನ ಕೇಳಿರ್ತಾರೆ" ಅಂದರು. ಅವರಿಗೆ ಅಷ್ಟು ಸಮಾಧಾನ ಆಯಿತು. ತಾಯಿಯ ನಂಬರ್ ಹುಡುಕುವ ಮಾತನ್ನು ಆಮೇಲೆ ಅವರು ಎತ್ತಲೇ ಇಲ್ಲ.

ಊರಲ್ಲಿ ಕೂತು ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಹೊರಗಿರುವ ಮಕ್ಕಳ ಪೂರ್ತಿ ವಿಳಾಸ, ಪಾಸ್‌ಪೋರ್ಟಿನಲ್ಲಿರುವ ಹೆಸರು, ಜೊತೆಗಾರರಲ್ಲಿ ಇಬ್ಬರ ನಂಬರ್, ಇಷ್ಟನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಜಗಳ ಮಾಡಿಯಾದರೂ ತಗೊಳ್ಳಿ. ಸಂಪರ್ಕ ಪೂರ್ತಿ ಕಡಿದುಹೋದರೆ ನಮ್ಮ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್ 2015ರಿಂದ ಇದೆ, ಅದರಲ್ಲಿ ದೂರು ಹಾಕಬಹುದು. ಇಲ್ಲಿರುವವರಿಗೆ ಮಿಸ್ಸಿಂಗ್ ಪೀಪಲ್ ಅನ್ನೋ ಸಂಸ್ಥೆಯ 116 000 ನಂಬರ್ ಇದೆ. ಹುಡುಕುವವರೂ ಕರೆ ಮಾಡಬಹುದು, ಮನೆ ಬಿಟ್ಟು ಹೋದವರೂ ಮಾಡಬಹುದು. ನಾವು ನಾಲ್ವರೂ ಈಗ ಒಬ್ಬರದೊಬ್ಬರು ವಿವರ ಬರೆದುಕೊಂಡಿದ್ದೇವೆ. ಫೋನ್ ಲಾಕ್ ಇದ್ದರೂ ಕಾಣುವ ಹಾಗೆ ತುರ್ತು ನಂಬರ್ ಹಾಕಿದ್ದೇವೆ.

ಕೊನೆಗೆ ಅವನಿಗೆ ಒಂದೇ ಒಂದು ಮೆಸೇಜ್ ಕಳಿಸೋಣ, ಎಲ್ಲರ ಪರವಾಗಿ, ಅಂತ ತೀರ್ಮಾನವಾಯಿತು. ಒಂದಿಡೀ ಸಂಜೆ ಬರೆದೆವು. "ನಮಗೆ ಎಷ್ಟು ಹೆದರಿಕೆ ಆಗಿತ್ತು ಗೊತ್ತಾ" ಅಂತ ಹುಡುಗ ಬರೆದ. ಅಕ್ಕ ಅಳಿಸಿದರು. "ಯಾವ ಸಹಾಯ ಬೇಕಾದರೂ ಕೇಳು" ಅಂತ ನಾನು ಬರೆದೆ. ಮಿಸ್ಡ್ ಕಾಲ್ ನೆನಪಾಗಿ ನಾನೇ ಅಳಿಸಿದೆ. ಕೊನೆಗೆ ಉಳಿದದ್ದು: "ಭಾನುವಾರ ಒಂಬತ್ತಕ್ಕೆ ಕಂಬದ ಹತ್ತಿರ ಇರ್ತೀವಿ. ಯಾವಾಗ ಬಂದ್ರೂ ಸರಿ. ಏನೂ ಕೇಳಲ್ಲ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಕೊನೆಯ ಮಾತು ತೆಗೀರಿ. ಅವನು ಬಂದ್ರೆ ನಾನು ಕೇಳೇ ಕೇಳ್ತೀನಿ. ಸುಳ್ಳು ಬೇಡ" ಅಂದರು. ತೆಗೆದು ಕಳಿಸಿದೆವು. ನಾಲ್ಕು ದಿನದ ಮೇಲೆ ಅದಕ್ಕೆ ಎರಡು ಟಿಕ್ ಬಂತು.

ಈಗ ಡಿಸೆಂಬರ್. ಸೂರ್ಯ ಹುಟ್ಟುವುದೇ ಎಂಟೂ ಮುಕ್ಕಾಲರ ಹತ್ತಿರ. ಒಂಬತ್ತಕ್ಕೆ ಕಂಬದ ಹತ್ತಿರ ಇನ್ನೂ ಸರಿಯಾಗಿ ಬೆಳಕಿರುವುದಿಲ್ಲ, ದೂರದಿಂದ ಬರುವವರ ಮುಖ ಕಾಣುವುದಿಲ್ಲ. ಟೋಪಿ ಹಾಕಿದ ಯಾರೇ ನಿಧಾನವಾಗಿ ನಡೆದು ಬಂದರೂ ನಾಲ್ವರೂ ಮಾತು ನಿಲ್ಲಿಸಿ ನೋಡುತ್ತೇವೆ. ಮೊದಲೆಲ್ಲ ಒಂಬತ್ತಕ್ಕೆ ಸರಿಯಾಗಿ ಹೊರಡುತ್ತಿದ್ದೆವು. ಈಗ ಒಂಬತ್ತೂ ಕಾಲಕ್ಕೆ ಹೊರಡುತ್ತೇವೆ.